ದುಬಾರಿ ‘ಮ್ಯಾಗ್ನಂ’ ರೈಫಲ್: ಕೊಟ್ಟ ಕಾಸಿಗೆ ತಕ್ಕ ಫಲ ಸಿಗುತ್ತಾ?

ಶರತ್ಕಾಲ ಬಂತೆಂದರೆ ಅಮೆರಿಕದ ವಯೋಮಿಂಗ್, ಮೊಂಟಾನಾ, ಕೊಲೊರಾಡೊ ರಾಜ್ಯಗಳಲ್ಲಿ ಬೇಟೆಯ ಸೀಸನ್. ಪರವಾನಗಿ ಪಡೆದು ಜಿಂಕೆ, ಎಲ್ಕ್ ಹೊಡೆಯುವುದು ಅಲ್ಲಿ ಕಾನೂನುಬದ್ಧ. ಅದೇ ಹೊತ್ತಿಗೆ ಬಂದೂಕಿನ ಅಂಗಡಿಗಳಲ್ಲಿ ಹಳೆಯ ಚರ್ಚೆಯೊಂದು ಮತ್ತೆ ಶುರುವಾಗುತ್ತದೆ. ಅಜ್ಜನ ಕಾಲದ .30-06 ರೈಫಲ್ ಸಾಕೋ, ಅಥವಾ ಎರಡು ಮೂರು ಪಟ್ಟು ಹಣ ಸುರಿದು ಅತಿವೇಗದ ‘ಮ್ಯಾಗ್ನಂ’ ಕೊಳ್ಳಬೇಕೋ?

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ಅಪರಾಧ. ಹಾಗಾಗಿ ನಮ್ಮವರಿಗೆ ಈ ಪ್ರಶ್ನೆ ದೂರದ್ದು. ಆದರೆ ಅಮೆರಿಕದಲ್ಲಿ ಇದು ಬರೀ ಜೇಬಿನ ಪ್ರಶ್ನೆಯೂ ಅಲ್ಲ. ಗುಂಡು ಸರಿಯಾದ ಜಾಗಕ್ಕೆ ಬೀಳದಿದ್ದರೆ ಗಾಯಗೊಂಡ ಪ್ರಾಣಿ ಕಾಡು ಹೊಕ್ಕು ನರಳಿ ಸಾಯುತ್ತದೆ.

ಈ ಅತಿವೇಗದ ಕಥೆ ಶುರುವಾದದ್ದೇ ಅಂಥ ಒಂದು ಜಿಂಕೆಯಿಂದ ಎನ್ನುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ವಿಮೆ ಮಾರುತ್ತಿದ್ದ ರಾಯ್ ವೆದರ್ಬಿ ಹೊಡೆದ ಜಿಂಕೆಯೊಂದು ಗಾಯಗೊಂಡು ತಪ್ಪಿಸಿಕೊಂಡಿತಂತೆ. ಗುಂಡಿನ ವೇಗ ಹೆಚ್ಚಿದ್ದರೆ ಹೀಗಾಗುತ್ತಿರಲಿಲ್ಲ ಎಂದು ನಂಬಿದ ಆತ 1944ರಲ್ಲಿ .300 ವೆದರ್ಬಿ ಮ್ಯಾಗ್ನಂ ತೋಟಾ ರೂಪಿಸಿ, 1945ರಲ್ಲಿ ಕಂಪನಿ ತೆರೆದ. ಫಳಫಳ ಹೊಳೆಯುವ ಮರದ ಹಿಡಿ, ಜಾನ್ ವೇನ್‌ನಂಥ ಹಾಲಿವುಡ್ ಗಿರಾಕಿಗಳು. ವೆದರ್ಬಿ ಎಂದರೆ ಪ್ರತಿಷ್ಠೆ ಎನ್ನುವಂತಾಯಿತು. 1990ರ ದಶಕದಲ್ಲಿ ಅರಿಜೋನಾದ ಲ್ಯಾಜರೋನಿ ಕಂಪನಿ ‘ವಾರ್‌ಬರ್ಡ್’ ಎಂಬ ತೋಟಾದೊಂದಿಗೆ ಇದೇ ದಾರಿ ಹಿಡಿಯಿತು.

ಇವುಗಳನ್ನು ಪ್ರೊಪ್ರೈಟರಿ ತೋಟಾ ಎನ್ನುತ್ತಾರೆ. ಅಂದರೆ ಒಂದು ಕಂಪನಿ ತನ್ನದೇ ರೈಫಲ್‌ಗೆಂದು ರೂಪಿಸಿದ್ದು. ಪ್ರಿಂಟರ್ ಕೊಂಡವರು ಆಮೇಲೆ ಅದೇ ಕಂಪನಿಯ ಇಂಕ್‌ಗೆ ಗಂಟು ಬೀಳುವ ಹಾಗೆ. .300 ವೆದರ್ಬಿಗೆ ಈಗ ಬೇರೆ ಕಂಪನಿಗಳೂ ತೋಟಾ ಮಾಡುತ್ತವೆ, ಆದರೆ ಎಲ್ಲ ಪ್ರೊಪ್ರೈಟರಿ ತೋಟಾಗಳಿಗೂ ಆ ಭಾಗ್ಯವಿಲ್ಲ.

ಲೆಕ್ಕ ಏನು ಹೇಳುತ್ತದೆ?

1906ರಲ್ಲಿ ಅಮೆರಿಕದ ಸೇನೆಗಾಗಿ ಬಂದ .30-06, 180 ಗ್ರೇನ್ ಅಂದರೆ ಸುಮಾರು 11.7 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 2,700 ಅಡಿ ವೇಗದಲ್ಲಿ ಹಾರಿಸುತ್ತದೆ. ಅದೇ ಗುಂಡು .300 ವೆದರ್ಬಿಯಿಂದ ಸುಮಾರು 3,240 ಅಡಿ ವೇಗದಲ್ಲಿ ಹೊರಬೀಳುತ್ತದೆ. ವೇಗ ಹೆಚ್ಚಿದ್ದು ಶೇ 20. ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ ಅದು ಶೇ 44 ಹೆಚ್ಚು. ಕಾಗದದ ಮೇಲೆ ಭರ್ಜರಿ.

ಆದರೆ ಜಿಂಕೆಗೆ ಇದರಿಂದ ಏನು ವ್ಯತ್ಯಾಸ? 200 ಗಜಕ್ಕೆ ಗುರಿ ಹೊಂದಿಸಿದ .30-06ನಿಂದ 300 ಗಜ ದೂರಕ್ಕೆ ಹೊಡೆದರೆ ಗುಂಡು ಸುಮಾರು 8-9 ಇಂಚು ಕೆಳಗಿಳಿದಿರುತ್ತದೆ. ವೆದರ್ಬಿಯದು 5-6 ಇಂಚು. ನಡುವಿನ ಅಂತರ ಒಂದು ಬೆರಳುದ್ದ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಭಾಗ ಹೆಚ್ಚುಕಡಿಮೆ ಒಂದು ಗೇಣು ಅಗಲ ಇರುತ್ತದೆ. ಅಲ್ಲಿ ಬೆರಳುದ್ದದ ವ್ಯತ್ಯಾಸ ದೊಡ್ಡದಲ್ಲ. 400 ಗಜಕ್ಕೆ ಹೋದರೆ ಅಂತರವೇ ಒಂದು ಗೇಣಾಗುತ್ತದೆ. ಮ್ಯಾಗ್ನಂನ ನಿಜವಾದ ಲಾಭ ಶುರುವಾಗುವುದು ಅಲ್ಲಿಂದ. ಬಹುತೇಕ ಬೇಟೆ ಮುಗಿಯುವುದು ಅದಕ್ಕಿಂತ ಹತ್ತಿರದಲ್ಲಿ.

ವೆದರ್ಬಿಯ ಕಾಲದಲ್ಲಿ ಇನ್ನೊಂದು ಸಮರ್ಥನೆ ಇತ್ತು. ಎದುರು ಬೆಟ್ಟದ ಪ್ರಾಣಿ ಎಷ್ಟು ದೂರದಲ್ಲಿದೆ ಎಂದು ಕಣ್ಣಂದಾಜಿನಲ್ಲಿ ಹೇಳಬೇಕಿತ್ತು. ಗುಂಡು ನೇರವಾಗಿ ಹೋದಷ್ಟೂ ಅಂದಾಜಿನ ತಪ್ಪು ಮಾಫಿ. ಈಗ ಜೇಬಿನಲ್ಲಿ ಹಿಡಿಸುವ ಲೇಸರ್ ರೇಂಜ್‌ಫೈಂಡರ್ ಗುಂಡಿ ಒತ್ತಿದರೆ ದೂರ ಹೇಳುತ್ತದೆ. ಅಷ್ಟರ ಮಟ್ಟಿಗೆ ಹೆಚ್ಚುವರಿ ವೇಗದ ಬೆಲೆ ಇಳಿದಿದೆ.

ವೇಗವೇ ಶತ್ರುವಾದಾಗ

ಗುಂಡು ಅತಿವೇಗವಾಗಿ ಹತ್ತಿರದ ಪ್ರಾಣಿಗೆ ಬಡಿದರೆ ಒಳಹೋಗುವ ಮೊದಲೇ ಚೂರಾಗುವ ಅಪಾಯವಿದೆ. 1946ರಲ್ಲಿ ಜಾನ್ ನೋಸ್ಲರ್ ಎಂಬ ಬೇಟೆಗಾರನಿಗೆ ಇದರ ಅನುಭವವಾಯಿತು. ಆತನ ಕೈಯಲ್ಲಿದ್ದದ್ದು ಆ ಕಾಲದ ಹೆಸರಾಂತ ವೇಗದ ರೈಫಲ್, .300 ಹಾಲೆಂಡ್ ಆ್ಯಂಡ್ ಹಾಲೆಂಡ್. ಆದರೆ ಅದರ ಗುಂಡುಗಳು ದೈತ್ಯ ಮೂಸ್‌ನ ದೇಹದ ಆಳಕ್ಕೆ ಇಳಿಯಲೇ ಇಲ್ಲ. ನೋಸ್ಲರ್ ಇನ್ನೂ ವೇಗದ ರೈಫಲ್ ಹುಡುಕಲಿಲ್ಲ, ಗುಂಡನ್ನೇ ಬದಲಿಸಿದ. ಮಧ್ಯದಲ್ಲಿ ತಾಮ್ರದ ಅಡ್ಡಗೋಡೆಯಿದ್ದು, ಮುಂಭಾಗ ಅರಳಿದರೂ ಹಿಂಭಾಗ ಗಟ್ಟಿಯಾಗಿ ಉಳಿಯುವ ‘ಪಾರ್ಟಿಶನ್’ ಗುಂಡು 1948ರಲ್ಲಿ ಮಾರುಕಟ್ಟೆಗೆ ಬಂತು. ಇಂದಿಗೂ ಮಾರಾಟವಾಗುತ್ತಿದೆ, .30-06ಗೂ ಸಿಗುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ಕನ್ನಡದಲ್ಲಿ ಕೆನೆತ್ ಆಂಡರ್ಸನ್, ಜಿಮ್ ಕಾರ್ಬೆಟ್ ಓದಿದವರು ಇಲ್ಲಿ ಒಂದು ವಿಷಯ ಗಮನಿಸಬಹುದು. ಬೆಂಗಳೂರಿನ ಆಂಡರ್ಸನ್ ಹೆಗಲ ಮೇಲಿದ್ದ .405 ವಿಂಚೆಸ್ಟರ್‌ನ ವೇಗ ಸೆಕೆಂಡಿಗೆ ಸುಮಾರು 2,200 ಅಡಿ ಮಾತ್ರ. ಕಾರ್ಬೆಟ್‌ನ ನೆಚ್ಚಿನ .275 ರಿಗ್ಬಿಯ ತೋಟಾ ನಿಜಕ್ಕೂ ಜರ್ಮನಿಯ ಮೌಸರ್ ಕಂಪನಿ 1892ರಲ್ಲಿ ರೂಪಿಸಿದ್ದು. ಲಂಡನ್ನಿನ ರಿಗ್ಬಿ ಕಂಪನಿ ತನ್ನ ಹೆಸರು ಅಂಟಿಸಿತ್ತು, ಅಷ್ಟೇ. ನರಭಕ್ಷಕಗಳನ್ನು ಹೊಡೆದದ್ದು ಅಷ್ಟರಲ್ಲೇ. ಅದೂ ತೀರಾ ಹತ್ತಿರದಿಂದ ಎನ್ನುವುದನ್ನು ಮರೆಯಬಾರದು, ನಿಜ.

ಬಿಲ್ ಎಷ್ಟು?

ಸಾಧಾರಣ .30-06 ರೈಫಲ್ ಅಮೆರಿಕದಲ್ಲಿ 500-700 ಡಾಲರ್‌ಗೆ ಸಿಗುತ್ತದೆ. ವೆದರ್ಬಿಯ ‘ಮಾರ್ಕ್ ಫೈವ್’ನ ಹಲವು ಮಾದರಿಗಳು ಎರಡು ಸಾವಿರ ದಾಟುತ್ತವೆ. ರೈಫಲ್ ಒಮ್ಮೆ ಕೊಂಡರಾಯಿತು, ತೋಟಾ ಹಾಗಲ್ಲ. .30-06ಗೆ ಹೋಲಿಸಿದರೆ ಮ್ಯಾಗ್ನಂ ತೋಟಾ ಎರಡು ಮೂರು ಪಟ್ಟು ದುಬಾರಿ. .30-378 ವೆದರ್ಬಿ ಇನ್ನೂ ದುಬಾರಿ. ಅದು .30-06ಗಿಂತ ಸುಮಾರು ಇಮ್ಮಡಿ ಮದ್ದು ಸುಟ್ಟು ಗಳಿಸುವ ಹೆಚ್ಚುವರಿ ವೇಗ ನಾಲ್ಕನೇ ಒಂದು ಭಾಗದಷ್ಟು. ಆ ಬಿಸಿಗೆ ನಳಿಕೆಯೂ ಬೇಗ ಸವೆಯುತ್ತದೆ. ಊರು ಬಿಟ್ಟು ಹೋದಲ್ಲಿ ತೋಟಾದ ಪೆಟ್ಟಿಗೆ ಕಳೆದುಹೋಯಿತೋ, ಸಣ್ಣ ಪಟ್ಟಣದ ಅಂಗಡಿಯಲ್ಲಿ .30-06 ಸಿಕ್ಕೀತು, ವಾರ್‌ಬರ್ಡ್ ಸಿಗುವುದು ಕಷ್ಟ.

ನಿಜವಾದ ನಷ್ಟ ಹೆಗಲಿಗೆ. .300 ವೆದರ್ಬಿ .30-06ಗಿಂತ ಸುಮಾರು ಒಂದೂವರೆ ಪಟ್ಟು ಜೋರಾಗಿ ಒದೆಯುತ್ತದೆ. ಒದೆತ ತಗ್ಗಿಸಲು ನಳಿಕೆಯ ತುದಿಗೆ ಮಜಲ್ ಬ್ರೇಕ್ ಹಾಕಿದರೆ ಸದ್ದು ಕಿವಿಗಡಚಿಕ್ಕುತ್ತದೆ. ಒದೆತಕ್ಕೆ ಹೆದರಿದವನು ಕುದುರೆ ಎಳೆಯುವ ಕ್ಷಣದಲ್ಲಿ ತನಗರಿವಿಲ್ಲದೆ ಬೆಚ್ಚುತ್ತಾನೆ, ಗುಂಡು ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ತೋಟಾ ದುಬಾರಿಯಾದ್ದರಿಂದ ಅಭ್ಯಾಸವನ್ನೂ ಕಡಿಮೆ ಮಾಡಿರುತ್ತಾನೆ. ಗಾಯಗೊಂಡ ಪ್ರಾಣಿಯನ್ನು ತಪ್ಪಿಸಲೆಂದು ಕೊಂಡ ರೈಫಲ್ ಅದನ್ನೇ ಹೆಚ್ಚಿಸುವುದು ಹೀಗೆ.

ಹಾಗಾದರೆ ಯಾರಿಗೂ ಬೇಡವೇ? ಹಾಗೇನಿಲ್ಲ. ಪಶ್ಚಿಮದ ಬಟಾಬಯಲಿನಲ್ಲಿ, ಕಣಿವೆಯಾಚೆ ನಿಂತ ಎಲ್ಕ್‌ಗಾಗಿ, ವರ್ಷವಿಡೀ ಶೂಟಿಂಗ್ ರೇಂಜ್‌ನಲ್ಲಿ ಬೆವರು ಹರಿಸಿದವನಿಗೆ 400 ಗಜದಾಚೆ ಆ ಹೆಚ್ಚುವರಿ ವೇಗ ಕೆಲಸಕ್ಕೆ ಬರುತ್ತದೆ. ಗುಂಡು ಗಾಳಿಯಲ್ಲಿರುವ ಹೊತ್ತು ಕಡಿಮೆಯಾದಷ್ಟೂ ಅಡ್ಡಗಾಳಿಗೆ ಸರಿಯುವುದೂ ಕಡಿಮೆ. ಲಾಟರಿಯಲ್ಲಿ ಪರವಾನಗಿ ಸಿಗಲು ಹಲವು ವರ್ಷ ಕಾದವನಿಗೆ ತೋಟಾದ ಬೆಲೆ ಲೆಕ್ಕಕ್ಕೇ ಬರುವುದಿಲ್ಲ. ಉಳಿದವರು ಆ ಹಣವನ್ನು ಒಳ್ಳೆಯ ಗುಂಡು, ಒಳ್ಳೆಯ ದುರ್ಬೀನು, ನೂರಿನ್ನೂರು ಅಭ್ಯಾಸದ ತೋಟಾಗಳಿಗೆ ಹಾಕುವುದೇ ಮೇಲು.

ಮಾರುಕಟ್ಟೆಯೂ ಅತ್ತ ವಾಲಿದಂತಿದೆ. 2007ರಲ್ಲಿ ಬಂದ 6.5 ಕ್ರೀಡ್‌ಮೂರ್ ತೋಟಾದ ವೇಗ ಅಜ್ಜನ .30-06ನಷ್ಟೇ, ಒದೆತ ಇನ್ನೂ ಕಡಿಮೆ. ಗುಂಡಿನ ಆಕಾರದ ಬಲದಿಂದಲೇ ದೂರ ಸಾಗುವ ಅದು ಅಮೆರಿಕದ ಬೇಟೆಗಾರರಿಗೆ ಅಚ್ಚುಮೆಚ್ಚು. ವೇಗವನ್ನೇ ಮಂತ್ರವಾಗಿಸಿಕೊಂಡಿದ್ದ ವೆದರ್ಬಿ ಕಂಪನಿ ಕೂಡ 6.5 ಕ್ರೀಡ್‌ಮೂರ್ ಮತ್ತು .30-06 ತೋಟಾಗಳಿಗೆ ಹೊಂದುವ ರೈಫಲ್‌ಗಳನ್ನು ಮಾರಿದೆ.