ಮಂಡಿ ಹೋಯಿತೆಂದು ಮೂಲೆ ಸೇರಬೇಡಿ

ಶಾಲೆಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಪೋಷಕರಿಗೂ ಒಂದು ಓಟದ ಸ್ಪರ್ಧೆ ಇಡುವುದು ವಾಡಿಕೆ. ಮೈಕಿನಲ್ಲಿ ಎಷ್ಟು ಸಲ ಕರೆದರೂ ಗೆರೆಯ ಬಳಿ ಬಂದು ನಿಲ್ಲುವವರು ಐದಾರು ಮಂದಿ ಮಾತ್ರ. ಶಾಮಿಯಾನದ ನೆರಳಿನಲ್ಲಿ ಕುಳಿತವರ ಬಾಯಲ್ಲಿ ಸಿದ್ಧ ಉತ್ತರವಿರುತ್ತದೆ. ‘ಕಾಲೇಜಿನಲ್ಲಿ ಕಬಡ್ಡಿ ಆಡ್ತಿದ್ದೆ ಸಾರ್, ಮಂಡಿಗೆ ಏಟು ಬಿತ್ತು, ಆವತ್ತಿನಿಂದ ಎಲ್ಲಾ ಬಿಟ್ಟೆ’ ಎಂದು ಅಪ್ಪಂದಿರು. ‘ಬಚ್ಚಲಲ್ಲಿ ಜಾರಿ ಬಿದ್ದಾಗಿನಿಂದ ಪಾದ ಆಗಾಗ ಉಳುಕುತ್ತೆ, ನಡೆಯೋಕೇ ಭಯ’ ಎಂದು ಅಮ್ಮಂದಿರು.

ಇವು ಸುಳ್ಳು ನೆಪಗಳಲ್ಲ. ನೋವು ನಿಜ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಏಟು ಬಿದ್ದದ್ದು ಇಪ್ಪತ್ತು ವರ್ಷಗಳ ಹಿಂದೆ. ಇಂದು ಮೆಟ್ಟಿಲು ಇಳಿಯುವಾಗ ನೋಯುತ್ತಿರುವುದು ಆ ಏಟಿನಿಂದಲೇ, ಅಥವಾ ಅನಂತರ ಇಪ್ಪತ್ತು ವರ್ಷ ಆ ಕಾಲಿಗೆ ಕೆಲಸ ಕೊಡದೆ ಇದ್ದುದರಿಂದಲೇ? ಬಹುಪಾಲು ಜನರಲ್ಲಿ ಎರಡೂ ಸೇರಿಕೊಂಡಿರುತ್ತವೆ. ಮೊದಲನೆಯದನ್ನು ಅಳಿಸಲು ಸಾಧ್ಯವಿಲ್ಲ. ಎರಡನೆಯದನ್ನು ಐವತ್ತರ ವಯಸ್ಸಿನಲ್ಲೂ ಸರಿಪಡಿಸಬಹುದು.

ಮಾಗಿದ ಗಾಯದ ಒಳಗೆ

ಕೈ ಮುರಿದು ಪ್ಲಾಸ್ಟರ್ ಹಾಕಿಸಿಕೊಂಡ ಸಹಪಾಠಿಯನ್ನು ವಿದ್ಯಾರ್ಥಿಗಳು ನೋಡಿರುತ್ತೀರಿ. ಕೆಲವು ವಾರಗಳ ನಂತರ ಪ್ಲಾಸ್ಟರ್ ಬಿಚ್ಚಿದಾಗ ಆ ಕೈ ಇನ್ನೊಂದಕ್ಕಿಂತ ಸಣ್ಣದಾಗಿರುತ್ತದೆ. ಮೂಳೆ ಕೂಡಿಕೊಂಡಿದೆ, ಆದರೆ ಸ್ನಾಯು ಕರಗಿದೆ. ಕೆಲಸವಿಲ್ಲದ ಸ್ನಾಯುವನ್ನು ದೇಹ ಸಾಕುವುದಿಲ್ಲ. ಮೂಳೆಯ ವಿಷಯವೂ ಇಷ್ಟೇ. ತನ್ನ ಮೇಲೆ ಬೀಳುವ ಭಾರಕ್ಕೆ ತಕ್ಕಂತೆ ಮೂಳೆ ತನ್ನ ರಚನೆಯನ್ನು ಬದಲಿಸಿಕೊಳ್ಳುತ್ತದೆ ಎಂದು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲೇ ಬರೆದಿದ್ದರು.

ಸ್ನಾಯುವಿಗೆ ರಕ್ತದ ಪೂರೈಕೆ ಚೆನ್ನಾಗಿದೆ. ಆದ್ದರಿಂದ ಅದರ ಗಾಯ ಬೇಗ ಮಾಗುತ್ತದೆ. ಸ್ನಾಯುವನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜು, ಮೂಳೆಯನ್ನು ಮೂಳೆಗೆ ಕಟ್ಟುವ ಅಸ್ಥಿರಜ್ಜು ಇವಕ್ಕೆ ರಕ್ತನಾಳಗಳು ಕಡಿಮೆ. ಹಾಗಾಗಿ ಇವು ಮಾಗಲು ತಿಂಗಳುಗಳೇ ಬೇಕು. ಹೊಸದಾಗಿ ಬೆಳೆದ ಎಳೆಗಳು ಮೊದಲು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡಿರುತ್ತವೆ. ಹದವಾದ ಭಾರ ಬಿದ್ದಾಗ ಮಾತ್ರ ಅವು ಎಳೆತದ ದಿಕ್ಕಿಗೆ ಸಾಲಾಗುತ್ತವೆ. ಕೀಲಿನ ಮೃದ್ವಸ್ಥಿಗಂತೂ ರಕ್ತನಾಳವೇ ಇಲ್ಲ. ಅದು ಸ್ಪಂಜಿನ ಹಾಗೆ. ಒತ್ತಿ ಬಿಟ್ಟಾಗ ಕೀಲಿನೊಳಗಿನ ದ್ರವವನ್ನು ಹೀರಿಕೊಂಡು ಅದರಿಂದಲೇ ಪೋಷಣೆ ಪಡೆಯುತ್ತದೆ. ಕದಲದ ಕೀಲಿನ ಮೃದ್ವಸ್ಥಿ ಅರೆಹೊಟ್ಟೆಯಲ್ಲಿರುತ್ತದೆ!

ಇನ್ನೊಂದು ಸಂಗತಿ ಹೆಚ್ಚಿನವರಿಗೆ ಗೊತ್ತಿಲ್ಲ. ಪಾದ ಯಾವ ಕೋನದಲ್ಲಿದೆ ಎಂದು ಮೆದುಳಿಗೆ ತಿಳಿಸುವ ನರತುದಿಗಳು ಅಸ್ಥಿರಜ್ಜುಗಳಲ್ಲಿಯೂ ಇವೆ. ಪಾದ ಒಮ್ಮೆ ಉಳುಕಿದರೆ ಈ ಸುದ್ದಿ ರವಾನೆಯೂ ಮಂದವಾಗುತ್ತದೆ. ಒಮ್ಮೆ ಉಳುಕಿದ ಪಾದ ಪದೇ ಪದೇ ಉಳುಕುವುದಕ್ಕೆ ಇದೂ ಒಂದು ಕಾರಣ. ಪರೀಕ್ಷಿಸಬೇಕೆ? ಗೋಡೆಯ ಪಕ್ಕ ಒಂಟಿ ಕಾಲಿನಲ್ಲಿ ನಿಂತು ಕಣ್ಣು ಮುಚ್ಚಿ. ಹಳೆಯ ಪೆಟ್ಟಿನ ಕಾಲು ಬೇಗ ಓಲಾಡುತ್ತದೆಯೆ ನೋಡಿ. ದಿನವೂ ಹಲ್ಲುಜ್ಜುವಾಗ ಒಂಟಿ ಕಾಲಿನಲ್ಲಿ ನಿಲ್ಲುವುದೇ ಇದಕ್ಕೆ ಅಭ್ಯಾಸ.

ಸ್ವೀಡನ್ನಿನ ವೈದ್ಯರ ಪ್ರಯೋಗ

ಪೆಟ್ಟು ಬಿದ್ದ ಅಂಗಕ್ಕೆ ಭಾರ ಹೊರಿಸುವುದೇ ಚಿಕಿತ್ಸೆಯಾದ ಕಥೆಯೊಂದು ಸ್ವಾರಸ್ಯಕರವಾಗಿದೆ. ಸ್ವೀಡನ್ನಿನ ಉಮಿಯೊ ನಗರದ ಮೂಳೆ ವೈದ್ಯ ಹೋಕನ್ ಆಲ್ಫ್ರೆಡ್ಸನ್ ಅವರಿಗೆ ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜುವಿನಲ್ಲಿ ಬಿಡದ ನೋವಿತ್ತು. ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆಂದರೆ ಅವರ ಮೇಲಧಿಕಾರಿ ಒಪ್ಪಲಿಲ್ಲವಂತೆ. ಹಾಗಾದರೆ ರಜ್ಜು ಹರಿದೇ ಹೋಗಲಿ, ಆಗಲಾದರೂ ಶಸ್ತ್ರಚಿಕಿತ್ಸೆ ಮಾಡಲೇಬೇಕಾಗುತ್ತದೆ ಎಂದುಕೊಂಡು ನೋಯುವ ಕಾಲಿಗೇ ಕಠಿಣ ವ್ಯಾಯಾಮ ಕೊಟ್ಟರು. ರಜ್ಜು ಹರಿಯಲಿಲ್ಲ, ನೋವು ಹೋಯಿತು!

ಒಬ್ಬರ ಅನುಭವ ವಿಜ್ಞಾನವಾಗುವುದಿಲ್ಲವಲ್ಲ. ಆದ್ದರಿಂದ ಅವರು ಇದೇ ತೊಂದರೆಯಿದ್ದ 15 ಹವ್ಯಾಸಿ ಓಟಗಾರರನ್ನು ಆರಿಸಿಕೊಂಡರು. ಅವರ ಸರಾಸರಿ ವಯಸ್ಸು 44. ಮೆಟ್ಟಿಲಿನ ಅಂಚಿನಲ್ಲಿ ಪಾದದ ಮುಂಭಾಗವನ್ನಷ್ಟೇ ಊರಿ, ನೋಯುವ ಕಾಲಿನ ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವುದು, ಮೇಲೇಳಲು ಇನ್ನೊಂದು ಕಾಲನ್ನು ಬಳಸುವುದು ಇಷ್ಟೇ ವ್ಯಾಯಾಮ. ಮಂಡಿ ನೇರವಿಟ್ಟು 15ರ ಮೂರು ಸುತ್ತು, ಮಂಡಿ ಬಾಗಿಸಿ ಮತ್ತೆ ಮೂರು ಸುತ್ತು. ಹೀಗೆ ದಿನಕ್ಕೆ ಎರಡು ಬಾರಿ, ಅಂದರೆ 180 ಸಲ. ನೋವು ಕಡಿಮೆಯಾದಂತೆ ಬೆನ್ನಿನ ಚೀಲಕ್ಕೆ ಭಾರ ಸೇರಿಸುತ್ತಾ ಹೋಗಬೇಕು. 12 ವಾರಗಳಲ್ಲಿ 15 ಮಂದಿಯೂ ಮತ್ತೆ ಓಡತೊಡಗಿದರು. ವಾಡಿಕೆಯ ಚಿಕಿತ್ಸೆ ಪಡೆದಿದ್ದ ಹೋಲಿಕೆಯ ಗುಂಪಿನ ಅಷ್ಟೇ ಮಂದಿ ಕೊನೆಗೆ ಶಸ್ತ್ರಚಿಕಿತ್ಸೆಗೆ ಒಳಗಾಗಬೇಕಾಯಿತು. ಈ ವರದಿ ಪ್ರಕಟವಾದದ್ದು 1998ರಲ್ಲಿ.

ಇದು ಚಿಕ್ಕ ಪ್ರಯೋಗ. ಎಲ್ಲ ನೋವಿಗೂ ಇದೇ ಮದ್ದಲ್ಲ. ಆದರೆ ಅದು ಒಂದು ಮುಖ್ಯ ವಿಚಾರಕ್ಕೆ ಬಲ ಕೊಟ್ಟಿತು. ಭಾರವೂ ಔಷಧಿಯ ಹಾಗೆ. ಹೆಚ್ಚಾದರೆ ವಿಷ, ಇಲ್ಲವಾದರೆ ರೋಗ, ಹದವಾದರೆ ಗುಣ.

ಮಂಡಿಯ ಲೆಕ್ಕ

ಹದ ಯಾವುದೆಂದು ತಿಳಿಯಲು ಸ್ವಲ್ಪ ಭೌತವಿಜ್ಞಾನ ಬೇಕು. 70 ಕಿಲೋ ತೂಕದ ವ್ಯಕ್ತಿ ನಡೆಯುವಾಗ ಮಂಡಿಯ ಕೀಲಿನ ಮೇಲೆ ಬೀಳುವ ಭಾರ 70 ಕಿಲೋ ಅಲ್ಲ, ಅದರ ಎರಡರಿಂದ ಮೂರು ಪಟ್ಟು. ಮೆಟ್ಟಿಲು ಇಳಿಯುವಾಗ ಮೂರು ಪಟ್ಟಿಗೂ ಹೆಚ್ಚು. ಕಾರಣ ಶಾಲೆಯಲ್ಲಿ ಕಲಿತ ಸನ್ನೆಯ ನಿಯಮ. ತೊಡೆಯ ಸ್ನಾಯು ಆನಿಕೆಗೆ ತೀರಾ ಹತ್ತಿರದಲ್ಲಿ ಎಳೆಯುತ್ತದೆ, ಆದ್ದರಿಂದ ಅದು ಹೆಚ್ಚು ಬಲ ಹಾಕಬೇಕು. ಆ ಬಲವೂ ಕೀಲನ್ನೇ ಒತ್ತುತ್ತದೆ.

ಇದೇ ಲೆಕ್ಕ ನಮ್ಮ ಪರವಾಗಿಯೂ ಕೆಲಸ ಮಾಡುತ್ತದೆ. ಮಂಡಿ ಸವೆತವಿದ್ದ, ತೂಕ ಹೆಚ್ಚಿದ್ದ ಹಿರಿಯರ ಮೇಲೆ ಅಮೆರಿಕದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಐದು ಕಿಲೋ ಇಳಿಸಿದವರು ಹೆಜ್ಜೆಗೆ ಇಪ್ಪತ್ತು ಕಿಲೋ ಉಳಿಸಿದಂತೆ. ಅವರು ದಿನಕ್ಕೆ ಎಷ್ಟು ಹೆಜ್ಜೆ ಇಡುತ್ತಾರೆಂದು ಮಕ್ಕಳೇ ಗುಣಿಸಿ ನೋಡಲಿ!

ಸ್ನಾಯು ಇಲ್ಲಿ ವಾಹನದ ಶಾಕ್ ಅಬ್ಸಾರ್ಬರ್ ಇದ್ದಂತೆ. ಅದು ಗಟ್ಟಿಯಿದ್ದರೆ ಹೊಡೆತ ಕೀಲಿಗೆ ತಾಗುವುದು ಕಡಿಮೆ. ಆದರೆ ಮೂವತ್ತು ದಾಟಿದ ಮೇಲೆ ಪ್ರತಿ ದಶಕಕ್ಕೆ ಶೇ. 3ರಿಂದ 8ರಷ್ಟು ಸ್ನಾಯು ಕರಗುತ್ತದೆಂಬ ಅಂದಾಜಿದೆ. ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮದ ಜೊತೆಗೆ ಕನಿಷ್ಠ ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮವನ್ನೂ ಹೇಳಿದೆ. ವಾಕಿಂಗ್ ಒಂದೇ ಸಾಲದು.

ಬಿಡುವುದಲ್ಲ, ಬದಲಿಸುವುದು

ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಬಿ.ಕೆ.ಎಸ್. ಅಯ್ಯಂಗಾರ್ ಬಾಲ್ಯದಲ್ಲಿ ರೋಗಗಳಿಂದ ಬಳಲಿದವರು. ಮೈಸೂರಿನಲ್ಲಿ ಭಾವ ಟಿ. ಕೃಷ್ಣಮಾಚಾರ್ಯರ ಬಳಿ ಯೋಗ ಕಲಿತು, 1937ರಲ್ಲಿ ಪುಣೆಗೆ ಹೋಗಿ ಜಗತ್ಪ್ರಸಿದ್ಧರಾದರು. ಅರವತ್ತು ದಾಟಿದಾಗ, 1979ರಲ್ಲಿ, ಸ್ಕೂಟರ್ ಅಪಘಾತದಲ್ಲಿ ಅವರ ಬೆನ್ನಿಗೂ ಭುಜಕ್ಕೂ ಪೆಟ್ಟಾಯಿತು. ಅವರು ಅಭ್ಯಾಸವನ್ನು ಕೈಬಿಡಲಿಲ್ಲ. ಮೊದಲಿನಿಂದ ಮತ್ತೆ ಕಟ್ಟಿಕೊಂಡರು. 2014ರಲ್ಲಿ ತೀರಿಕೊಂಡಾಗ ಅವರಿಗೆ 95 ವರ್ಷ. ಮರದ ಇಟ್ಟಿಗೆ, ಪಟ್ಟಿ, ಕಂಬಳಿ, ಕುರ್ಚಿ, ಹಗ್ಗ ಇವುಗಳ ಆಸರೆಯಿಂದ ಬಾಗದ ದೇಹವೂ ಆಸನದ ಲಾಭ ಪಡೆಯುವಂತೆ ಮಾಡಿದ್ದು ಅವರ ದೊಡ್ಡ ಕೊಡುಗೆ. ಕೈ ನೆಲಕ್ಕೆ ಮುಟ್ಟದಿದ್ದರೆ ನೆಲವನ್ನೇ ಕೈಗೆ ತರುವ ಉಪಾಯ ಅದು.

ಕೊಡಗಿನ ಟೆನಿಸ್ ಆಟಗಾರ ರೋಹನ್ ಬೋಪಣ್ಣ ಅವರ ಮಂಡಿಗಳ ಮೃದ್ವಸ್ಥಿ ಸವೆದಿತ್ತು. ಅಯ್ಯಂಗಾರ್ ಯೋಗದಿಂದ ತಮಗೆ ಬಹಳ ಸಹಾಯವಾಯಿತೆಂದು ಅವರೇ ಹೇಳಿದ್ದಾರೆ. 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಪುರುಷರ ಡಬಲ್ಸ್ ಗೆದ್ದಾಗ ಅವರಿಗೆ 43 ವರ್ಷ. ಡಬಲ್ಸ್‌ನಲ್ಲಿ ವಿಶ್ವದ ಒಂದನೇ ಸ್ಥಾನಕ್ಕೇರಿದ್ದೂ ಆಗಲೇ. ನಾವು ಬೋಪಣ್ಣ ಆಗಬೇಕಿಲ್ಲ. ಮನೆಯ ಮೆಟ್ಟಿಲನ್ನು ನೋವಿಲ್ಲದೆ ಇಳಿದರೆ ಸಾಕು. ಎರಡಕ್ಕೂ ದಾರಿ ಒಂದೇ.

ಎಲ್ಲಿಂದ ಆರಂಭ?

ಮಂಡಿ ನೋವಿದ್ದವರು ಮೊದಲ ದಿನವೇ ಬಸ್ಕಿ ಹೊಡೆಯಬಾರದು. ಕುರ್ಚಿಯಲ್ಲಿ ಕುಳಿತು ಕೈ ಊರದೆ ಹತ್ತು ಸಲ ಎದ್ದು ಕೂರಿ. ಅದೂ ಕಷ್ಟವೆನಿಸಿದರೆ ಅಂಗಾತ ಮಲಗಿ, ಮಂಡಿ ನೇರವಿಟ್ಟು, ಕಾಲನ್ನು ಒಂದಡಿ ಎತ್ತಿ ಐದು ಸೆಕೆಂಡ್ ಹಿಡಿಯಿರಿ. ಭುಜ ನೋಯುವವರು ನೆಲದ ದಂಡದ ಬದಲು ಗೋಡೆಗೆ ಕೈಯಿಟ್ಟು ತಳ್ಳಬಹುದು. ಓಡಲಾಗದವರು ಬಿರುಸಾಗಿ ನಡೆಯಲಿ, ನಡೆಯಲಾಗದವರು ಸೈಕಲ್ ತುಳಿಯಲಿ. ಮಾತನಾಡಬಹುದು, ಆದರೆ ಹಾಡಲು ಉಸಿರು ಸಾಲದು ಎನ್ನುವಷ್ಟು ಶ್ರಮ ‘ಸಾಧಾರಣ’ ಶ್ರಮ.

ನೋವಿಗೆ ಒಂದು ಅಳತೆಗೋಲು ಇಟ್ಟುಕೊಳ್ಳಿ. ಸೊನ್ನೆ ಎಂದರೆ ನೋವಿಲ್ಲ, ಹತ್ತು ಎಂದರೆ ತಡೆಯಲಾಗದ್ದು. ವ್ಯಾಯಾಮದ ವೇಳೆ ಎರಡು–ಮೂರರ ಒಳಗಿದ್ದು, ಮರುದಿನ ಬೆಳಿಗ್ಗೆ ಮೊದಲಿನಂತಾದರೆ ಹದ ಸರಿಯಾಗಿದೆ. ಬೆಳಿಗ್ಗೆ ನೋವೋ ಊತವೋ ಹೆಚ್ಚಿದ್ದರೆ ಹಿಂದಿನ ದಿನದ ಪ್ರಮಾಣ ಜಾಸ್ತಿಯಾಗಿದೆ ಎಂದರ್ಥ. ಅದನ್ನು ಅರ್ಧಕ್ಕೆ ಇಳಿಸಿ, ಬಿಟ್ಟುಬಿಡಬೇಡಿ. ವಾರಕ್ಕೊಮ್ಮೆ ಸ್ವಲ್ಪ ಏರಿಸಿ. ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಮಾಡಿದ ವ್ಯಾಯಾಮ, ನೋವಿನ ಅಂಕ ಬರೆದಿಡಿ. ಮೂರು ತಿಂಗಳ ನಂತರ ತಿರುವಿ ಹಾಕಿದರೆ ಅದೇ ನಿಮ್ಮ ಪ್ರಗತಿ ಪತ್ರ.

ಕೀಲು ಸಿಕ್ಕಿಹಾಕಿಕೊಳ್ಳುವುದು, ಏಕಾಏಕಿ ಕುಸಿಯುವುದು, ಊತ ಇಳಿಯದಿರುವುದು, ರಾತ್ರಿ ಮಲಗಿದಾಗಲೂ ನೋವು, ಕಾಲು ಜೋಮು ಹಿಡಿದು ಬಲ ಕಳೆದುಕೊಳ್ಳುವುದು ಇವು ಮನೆಯ ಪ್ರಯೋಗಕ್ಕೆ ಒಳಪಡುವಂಥವಲ್ಲ. ಮೊದಲು ವೈದ್ಯರಿಗೆ ತೋರಿಸಬೇಕು. ಎದೆನೋವು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರೂ ಆರಂಭಕ್ಕೆ ಮುನ್ನ ಅವರನ್ನು ಕೇಳಬೇಕು.

ಮಕ್ಕಳಿಗೆ ಒಂದು ಮಾತು

ತಾಲ್ಲೂಕು ಮಟ್ಟದ ಪಂದ್ಯ ತಪ್ಪಿಹೋದೀತೆಂದು ಉಳುಕಿದ ಪಾದವನ್ನು ಕ್ರೇಪ್ ಬ್ಯಾಂಡೇಜಿನಲ್ಲಿ ಬಚ್ಚಿಟ್ಟು ಆಡುವ ಹುಡುಗ ಹುಡುಗಿಯರು ಎಲ್ಲ ಶಾಲೆಯಲ್ಲೂ ಇದ್ದಾರೆ. ಗಾಯವಾಗುವ ಸಂಭವ ಯಾರಿಗೆ ಹೆಚ್ಚೆಂದರೆ ಈಗಾಗಲೇ ಅಲ್ಲಿ ಒಮ್ಮೆ ಗಾಯವಾದವರಿಗೆ. ಹದಿನಾರರಲ್ಲಿ ಅವಸರದಿಂದ ಆಡಿದ ಒಂದು ಪಂದ್ಯ ನಲವತ್ತಾರರಲ್ಲಿ ಬಾಕಿ ವಸೂಲಿ ಮಾಡುತ್ತದೆ.

ಹಾಗೆಂದು ತಿಂಗಳುಗಟ್ಟಲೆ ಮಲಗುವುದೂ ತರವಲ್ಲ. ಪೆಟ್ಟಾದರೆ ವಿಶ್ರಾಂತಿ, ಮಂಜುಗಡ್ಡೆ, ಪಟ್ಟಿ, ಎತ್ತರ ಎಂಬ ನಾಲ್ಕಂಶದ ಸೂತ್ರವನ್ನು 1978ರಲ್ಲಿ ಅಮೆರಿಕದ ವೈದ್ಯ ಗೇಬ್ ಮರ್ಕಿನ್ ಜನಪ್ರಿಯಗೊಳಿಸಿದರು. ಮಂಜುಗಡ್ಡೆಯೂ ಪೂರ್ಣ ವಿಶ್ರಾಂತಿಯೂ ಮಾಗುವುದನ್ನು ನಿಧಾನಗೊಳಿಸಬಹುದೆಂದು 2014ರಲ್ಲಿ ಅವರೇ ತಿದ್ದಿಕೊಂಡರು. ವಿಜ್ಞಾನದ ಸೊಗಸೇ ಅದು. ಮೂಳೆ ಮುರಿದಿಲ್ಲವೆಂದು ಖಚಿತವಾದ ಮೇಲೆ ಮೊದಲ ಕೆಲವು ದಿನ ಮಾತ್ರ ಬಿಡುವು, ನಂತರ ನಿಧಾನವಾಗಿ ಚಲನೆ, ಬಲ, ಸಮತೋಲ, ಕೊನೆಗೆ ಆಟ. ಈ ಕ್ರಮವನ್ನು ಹಾರಿಸಬಾರದು.

ಅಪ್ಪ ಅಮ್ಮನ ಕುರ್ಚಿ ವ್ಯಾಯಾಮವನ್ನು ಎಣಿಸುವ ಕೆಲಸ ಮಕ್ಕಳದ್ದಾಗಲಿ, ಮಕ್ಕಳ ಉಳುಕು ಪೂರ್ತಿ ಮಾಗುವವರೆಗೆ ತಡೆದು ನಿಲ್ಲಿಸುವ ಕೆಲಸ ದೊಡ್ಡವರದ್ದಾಗಲಿ. ಮನೆಯಲ್ಲಿ ಒಂದು ಗೋಡೆ, ಒಂದು ಕುರ್ಚಿ, ಒಂದು ಮೆಟ್ಟಿಲು ಇದ್ದರೆ ಇವತ್ತು ಸಂಜೆಯೇ ಆರಂಭಿಸಬಹುದು.