ಹಸುಳೆಯ ನೆಗಡಿಗೆ ತಗಲುವ ವೆಚ್ಚ

ನೆಗಡಿಗೆ ಮದ್ದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಮದ್ದೇ ಇಲ್ಲದ ಬೇನೆಗೆ ಖರ್ಚಾದರೂ ಎಲ್ಲಿಂದ ಬಂದೀತು? ಆದರೂ ಶಿಶುಗಳ ಶ್ವಾಸಾಂಗಗಳನ್ನು ಹಿಡಿಯುವ ಆರ್.ಎಸ್.ವಿ. ಎಂಬ ಒಂದೇ ವೈರಸ್ಸಿನ ದೆಸೆಯಿಂದ 2017ರಲ್ಲಿ ಜಗತ್ತಿಗೆ ಆದ ಚಿಕಿತ್ಸಾವೆಚ್ಚವು ಸುಮಾರು 480 ಕೋಟಿ ಯೂರೋಗಳೆಂದು ತಜ್ಞರು ಅಂದಾಜು ಮಾಡಿರುವರು. ಅದರಲ್ಲಿ ಅರ್ಧಕ್ಕೂ ಮಿಕ್ಕ ಭಾಗ ಆಸ್ಪತ್ರೆ ಸೇರಿದ ಮಕ್ಕಳಿಗಾಗಿ ಆದುದು.

ಈ ವೈರಸ್ಸು ಮೊದಲು ಕಂಡುಬಂದದ್ದು ಮನುಷ್ಯರಲ್ಲಲ್ಲ. ಅಮೆರಿಕೆಯ ಪ್ರಯೋಗಶಾಲೆಯೊಂದರಲ್ಲಿ ನೆಗಡಿ ಹಿಡಿದ ಚಿಂಪಾಂಜಿಗಳಲ್ಲಿ. ಆ ವರದಿ ಪ್ರಕಟವಾದದ್ದು 1956ರಲ್ಲಿ. ಮರುವರ್ಷ ರಾಬರ್ಟ್ ಚಾನೊಕ್ ಮತ್ತು ಸಂಗಡಿಗರು ಅದು ಮಕ್ಕಳಲ್ಲಿಯೂ ಇರುವುದನ್ನು ತೋರಿಸಿದರು. ಎರಡು ವರ್ಷ ತುಂಬುವುದರೊಳಗೆ ಬಹುಮಟ್ಟಿಗೆ ಎಲ್ಲ ಮಕ್ಕಳಿಗೂ ಇದು ಒಮ್ಮೆಯಾದರೂ ತಗಲುತ್ತದೆ. ನಮ್ಮ ನಿಮ್ಮಂಥವರಿಗೆ ಬಂದರೆ ನಾಲ್ಕು ದಿನದ ನೆಗಡಿ, ಅಷ್ಟೆ.

ಹಸುಳೆಗೆ ಮಾತ್ರ ಅದು ಅಷ್ಟಕ್ಕೇ ಏಕೆ ಮುಗಿಯುವುದಿಲ್ಲ? ಉತ್ತರ ಭೌತಶಾಸ್ತ್ರದಲ್ಲಿದೆ. ಕೊಳವೆಯಲ್ಲಿ ಸಲೀಸಾಗಿ ಹರಿಯುವ ದ್ರವ ಅಥವಾ ವಾಯುವಿಗೆ ಒದಗುವ ತಡೆಯು ಕೊಳವೆಯ ತ್ರಿಜ್ಯದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 4 ಮಿಲಿಮೀಟರು ತ್ರಿಜ್ಯದ ಕೊಳವೆಯ ಒಳಗೋಡೆ ಸುತ್ತಲೂ 1 ಮಿಲಿಮೀಟರು ಬಾತುಕೊಂಡರೆ ತಡೆ ಸುಮಾರು 3 ಪಟ್ಟಾಗುವುದು. 2 ಮಿಲಿಮೀಟರಿನ ಕೊಳವೆಯಲ್ಲಿ ಅಷ್ಟೇ ಬಾವು ಬಂದರೆ ತಡೆ 16 ಪಟ್ಟು! ಶಿಶುವಿನ ಕಿರುಶ್ವಾಸನಾಳಗಳು ಇನ್ನೂ ಸಪುರವಾದವು. ಸಾಲದೆಂಬಂತೆ ಅವುಗಳಲ್ಲಿ ಲೋಳೆಯೂ ಕಟ್ಟಿಕೊಳ್ಳುತ್ತದೆ. ಉಸಿರೆಳೆಯುವುದೇ ದುಡಿಮೆಯಾದಾಗ ಮಗು ಹಾಲು ಕುಡಿಯುವುದನ್ನು ಬಿಡುತ್ತದೆ.

ವೆಚ್ಚದ ಮರ್ಮವೂ ಇಲ್ಲಿಯೇ ಇದೆ. ವೈರಸ್ಸಿನ ಮೇಲೆ ಪ್ರತಿಜೈವಿಕಗಳು ನಡೆಯವು. ಆಸ್ಪತ್ರೆಯವರು ಮಾಡಬಹುದಾದದ್ದು ಆಮ್ಲಜನಕ ಕೊಡುವುದು, ಮೂಗಿನ ಕೊಳವೆಯಿಂದ ಹಾಲುಣಿಸುವುದು, ಹಗಲಿರುಳು ಕಾಯುವುದು. ಎಂದರೆ ಹಣ ಸಲ್ಲುವುದು ಔಷಧಕ್ಕಿಂತ ಹೆಚ್ಚಾಗಿ ಹಾಸಿಗೆಗೆ, ದಾದಿಯರ ಶ್ರಮಕ್ಕೆ, ದಿನಗಳಿಗೆ. ಮಗುವಿನ ಬಳಿ ಕುಳಿತ ತಾಯಿತಂದೆಯರು ಕಳೆದುಕೊಂಡ ಕೂಲಿ ಆಸ್ಪತ್ರೆಯ ಲೆಕ್ಕಕ್ಕೆ ಸೇರುವುದೇ ಇಲ್ಲ.

ಹಾಗಾದರೆ ತಡೆಯುವುದೇ ಅಗ್ಗವಲ್ಲವೆ? ಇದೂ ಅಷ್ಟು ಸುಲಭದ ಮಾತಾಗಿರಲಿಲ್ಲ. 1960ರ ದಶಕದಲ್ಲಿ ಪ್ರಯೋಗಿಸಿದ ಲಸಿಕೆಯು ರೋಗವನ್ನು ಉಲ್ಬಣಗೊಳಿಸಿ ಇಬ್ಬರು ಮಕ್ಕಳ ಸಾವಿಗೆ ಎಡೆಮಾಡಿತು. ಆ ಭಯ ದಶಕಗಳ ಕಾಲ ಸಂಶೋಧಕರ ಕೈಕಟ್ಟಿತ್ತು. 1998ರಲ್ಲಿ ಬಂದ ಪಾಲಿವಿಜುಮಾಬ್ ಎಂಬ ಪ್ರತಿಕಾಯವನ್ನು ರೋಗಕಾಲದುದ್ದಕ್ಕೂ ತಿಂಗಳಿಗೊಮ್ಮೆ ಚುಚ್ಚಬೇಕು. ಬೆಲೆ ಭಾರಿಯಾದ್ದರಿಂದ ಅವಧಿಗೆ ಮುನ್ನ ಹುಟ್ಟಿದವರಿಗೆ, ಹೃದಯದೋಷವುಳ್ಳವರಿಗೆ ಮಾತ್ರ ಅದು ದೊರೆಯಿತು. ಆದರೆ ಆಸ್ಪತ್ರೆ ಸೇರುವವರಲ್ಲಿ ಹೆಚ್ಚಿನವರು ತಿಂಗಳು ತುಂಬಿ ಆರೋಗ್ಯವಾಗಿಯೇ ಹುಟ್ಟಿದ ಮಕ್ಕಳು! 2022ರಲ್ಲಿ ಯೂರೋಪು ಒಪ್ಪಿದ ನಿರ್ಸೆವಿಮಾಬ್ ಒಂದೇ ಚುಚ್ಚಿಗೆ ಐದು ತಿಂಗಳಾದರೂ ಕಾಯುತ್ತದೆ. ಸ್ಪೇನಿನ ಗಲೀಸಿಯ ಪ್ರಾಂತವು 2023ರಲ್ಲಿ ಶಿಶುಗಳಿಗೆಲ್ಲ ಅದನ್ನು ನೀಡತೊಡಗಿದಾಗ, ಚುಚ್ಚಿಸಿಕೊಂಡವರಲ್ಲಿ ಈ ಬೇನೆಯಿಂದ ಆಸ್ಪತ್ರೆ ಸೇರುವ ಸಂಭವವು ನೂರಕ್ಕೆ 80ರಷ್ಟು ತಗ್ಗಿತು.

ಅದೇ ವರ್ಷ ಅಮೆರಿಕೆಯ ಪೇಟೆಯಲ್ಲಿ ಅದರ ಬೆಲೆ ಚುಚ್ಚಿಗೆ 495 ಡಾಲರು. 2019ರಲ್ಲಿ ಈ ವೈರಸ್ಸಿಗೆ ಬಲಿಯಾದ ಐದು ವರ್ಷದೊಳಗಿನ ಮಕ್ಕಳು ಸುಮಾರು ಒಂದು ಲಕ್ಷ; ಅವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಬಡ ಹಾಗೂ ಮಧ್ಯಮ ಆದಾಯದ ದೇಶಗಳವರು. ಗರ್ಭಿಣಿಗೆ ಚುಚ್ಚಿ ಗರ್ಭದಲ್ಲಿಯೇ ಕೂಸಿಗೆ ಪ್ರತಿಕಾಯಗಳನ್ನು ದಾಟಿಸುವ ಲಸಿಕೆಯೂ 2023ರಿಂದ ಬಳಕೆಯಲ್ಲಿದೆ. ಇವೆರಡರಲ್ಲಿ ಒಂದನ್ನು ಎಲ್ಲ ದೇಶಗಳೂ ಕೈಗೊಳ್ಳಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2025ರಲ್ಲಿ ಸಲಹೆ ಮಾಡಿದೆ.