ರಕ್ತದ ರಾಶಿಯಲ್ಲಿ ಬೇರೆಯ ಕಾಳು

ಕ್ಯಾನ್ಸರ್ ಗೆಡ್ಡೆಯಿಂದ ಕಳಚಿಕೊಂಡ ಕೋಶಗಳು ರಕ್ತಕ್ಕೆ ಇಳಿದು ಮೈಯೆಲ್ಲ ಸುತ್ತುತ್ತವೆ. ಹೆಚ್ಚಿನವು ದಾರಿಯಲ್ಲೇ ಸಾಯುತ್ತವೆ. ಬದುಕುಳಿದ ಕೆಲವು ಶ್ವಾಸಕೋಶದಲ್ಲೋ ಯಕೃತ್ತಿನಲ್ಲೋ ಮೂಳೆಯಲ್ಲೋ ಬೀಡುಬಿಟ್ಟು ಹೊಸ ಗೆಡ್ಡೆ ಬೆಳೆಸುತ್ತವೆ. 1869ರಲ್ಲಿ ಮೆಲ್ಬರ್ನ್‌ನ ವೈದ್ಯ ಥಾಮಸ್ ಆಶ್ವರ್ತ್, ಕ್ಯಾನ್ಸರ್‌ನಿಂದ ತೀರಿಕೊಂಡ ರೋಗಿಯೊಬ್ಬರ ರಕ್ತದಲ್ಲಿ ಗೆಡ್ಡೆಯ ಕೋಶಗಳನ್ನೇ ಹೋಲುವ ಕೋಶಗಳಿರುವುದನ್ನು ಗುರುತಿಸಿದರು. ಹೀಗೆ ಅಲೆಯುವ ಕೋಶಗಳನ್ನು ರೋಗಿ ಬದುಕಿರುವಾಗಲೇ ಹಿಡಿದು ಎಣಿಸುವ ವಿದ್ಯೆ ಕೈಗೂಡಲು ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಕಷ್ಟವೆಲ್ಲ ಲೆಕ್ಕದಲ್ಲಿದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು 500 ಕೋಟಿ ಕೆಂಪು ಕಣಗಳಿರುತ್ತವೆ. ಬಿಳಿ ಕಣಗಳು 40 ಲಕ್ಷದಿಂದ 1.1 ಕೋಟಿ. ಕ್ಯಾನ್ಸರ್ ಹರಡಿರುವ ರೋಗಿಯಲ್ಲೂ ಅಷ್ಟೇ ರಕ್ತದಲ್ಲಿ ಗೆಡ್ಡೆಯ ಕೋಶ ಸಿಕ್ಕರೆ ಒಂದೆರಡು, ಬಹಳವೆಂದರೆ ಹತ್ತು. ಅಮೆರಿಕದಲ್ಲಿ 2004ರಲ್ಲಿ ಮಾನ್ಯತೆ ಪಡೆದ ಸೆಲ್‌ಸರ್ಚ್ ಪರೀಕ್ಷೆಗೆ 7.5 ಮಿಲಿಲೀಟರ್ ರಕ್ತ ಬೇಕು. ಹರಡಿದ ಸ್ತನ ಕ್ಯಾನ್ಸರ್‌ನಲ್ಲಿ ಅಷ್ಟು ರಕ್ತದಲ್ಲಿ ಐದು ಅಥವಾ ಹೆಚ್ಚು ಕೋಶ ಕಂಡರೆ ರೋಗದ ಗತಿ ಕೆಟ್ಟದೆಂದು ತಿಳಿಯಲಾಗುತ್ತದೆ. ಐದನ್ನು ಹೆಕ್ಕಬೇಕಾದದ್ದು ಹತ್ತಿರಹತ್ತಿರ 3,750 ಕೋಟಿ ಕಣಗಳ ರಾಶಿಯಿಂದ.

ಸೆಲ್‌ಸರ್ಚ್ ಈ ಕೆಲಸವನ್ನು ಕಾಂತೀಯ ಕಣಗಳಿಂದ ಮಾಡುತ್ತದೆ. ಮೈಕ್ರೋಫ್ಲೂಯಿಡಿಕ್ ಚಿಪ್‌ನದು ಬೇರೆ ದಾರಿ. ಕೂದಲೆಳೆಯಷ್ಟು ಕಿರಿದಾದ ಕಾಲುವೆಗಳಲ್ಲಿ ರಕ್ತವನ್ನು ಹರಿಸಿ, ಹರಿವಿನಲ್ಲೇ ಕೋಶಗಳನ್ನು ಬೇರ್ಪಡಿಸುವುದು ಅದರ ರೀತಿ. ಇಷ್ಟು ಸಣ್ಣ ಕಾಲುವೆಯಲ್ಲಿ ದ್ರವ ಸುಳಿಯೆದ್ದು ಕಲಕುವುದಿಲ್ಲ, ಪದರಪದರವಾಗಿ ಸಾಗುತ್ತದೆ. ಹಾಗಾಗಿ ಯಾವ ಗಾತ್ರದ ಕೋಶ ಯಾವ ದಾರಿ ಹಿಡಿಯುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿ ಕಾಲುವೆ ತೋಡಬಹುದು.

ಹಾಸನದ ಕಾಫಿ ಕ್ಯೂರಿಂಗ್ ಕೇಂದ್ರಗಳನ್ನು ಕಂಡವರಿಗೆ ಇದರ ತತ್ವ ಹೊಸದೆನಿಸದು. ಅಲ್ಲಿ ಬೀಜವನ್ನು ಮೊದಲು ಜರಡಿಗಳ ಮೇಲೆ ಹಾಯಿಸಿ ಗಾತ್ರದಂತೆ ವಿಂಗಡಿಸುತ್ತಾರೆ. ಆಮೇಲೆ ಕಪ್ಪು ಬೀಜ, ಒಡಕು ಬೀಜವನ್ನು ಆರಿಸಿ ತೆಗೆಯುತ್ತಾರೆ. ಚಿಪ್‌ನಲ್ಲೂ ಇವೆರಡೇ ಮುಖ್ಯ ಉಪಾಯಗಳು. ಕೆಂಪು ಕಣದ ಅಗಲ ಏಳೆಂಟು ಮೈಕ್ರಾನ್. ಗೆಡ್ಡೆಯ ಕೋಶ ಸಾಮಾನ್ಯವಾಗಿ ಅದಕ್ಕಿಂತ ದೊಡ್ಡದು, ಬಿರುಸು ಕೂಡ. ಪಾರ್ಸಾರ್ಟಿಕ್ಸ್ ಎಂಬ ಸಾಧನ ಮೆಟ್ಟಿಲಿನಂತೆ ಕಿರಿದಾಗುವ ಸಂದಿನಲ್ಲಿ ರಕ್ತವನ್ನು ಹಾಯಿಸುತ್ತದೆ. ಕೆಂಪು ಕಣ ಬಳುಕಿ ನುಸುಳಿ ಹೋಗುತ್ತದೆ, ದೊಡ್ಡ ಕೋಶ ಸಿಕ್ಕಿಕೊಳ್ಳುತ್ತದೆ. ಹರಡಿದ ಸ್ತನ ಕ್ಯಾನ್ಸರ್ ರೋಗಿಗಳಿಗಾಗಿ 2022ರಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಇದಕ್ಕೆ ಅನುಮತಿ ಕೊಟ್ಟಿತು. ಇನ್ನೊಂದು ಬಗೆಯ ಚಿಪ್‌ನಲ್ಲಿ ಜರಡಿಯೇ ಇಲ್ಲ, ಜಿಲೇಬಿಯಂತೆ ಸುರುಳಿ ಸುತ್ತಿದ ಕಾಲುವೆ ಇದೆ. ತಿರುವಿನಲ್ಲಿ ಹರಿಯುವಾಗ ದೊಡ್ಡ ಕೋಶಗಳು ಒಳಗೋಡೆಯ ಬದಿಗೆ ಸಾಲುಗಟ್ಟುತ್ತವೆ, ಸಣ್ಣವು ಹೊರಬದಿಗೆ ಸರಿಯುತ್ತವೆ. ಒಕ್ಕಣೆಯ ಕಣದಲ್ಲಿ ರಾಗಿ ತೂರಿದಾಗ ಕಾಳು ಒಂದೆಡೆ, ಹೊಟ್ಟು ಒಂದೆಡೆ ಬೀಳುವ ಹಾಗೆಯೇ ಎರಡೂ ಬೇರೆ ಬೇರೆ ಬಾಯಿಗಳಿಂದ ಹೊರಬರುತ್ತವೆ.

ಆರಿಸಿ ತೆಗೆಯುವ ಉಪಾಯಕ್ಕೆ ದೊಡ್ಡ ನಿದರ್ಶನ 2007ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ತಂಡ ಪ್ರಕಟಿಸಿದ ಚಿಪ್. ಅದರಲ್ಲಿ 78,000 ಕಿರುಗಂಬಗಳು. ಪ್ರತಿ ಕಂಬ 100 ಮೈಕ್ರಾನ್ ಎತ್ತರ, ಕಂಬಗಳ ನಡುವೆ 50 ಮೈಕ್ರಾನ್ ಸಂದು. ಕಂಬಗಳಿಗೆ ಎಪ್‌ಕ್ಯಾಮ್ ಎಂಬ ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಬಳಿದಿರುತ್ತದೆ. ಈ ಪ್ರೋಟೀನು ಅನೇಕ ಗೆಡ್ಡೆಗಳ ಕೋಶದ ಮೇಲಿರುತ್ತದೆ, ರಕ್ತದ ಕಣಗಳ ಮೇಲಿಲ್ಲ. ಗಂಟೆಗೆ ಒಂದೆರಡು ಮಿಲಿಲೀಟರ್‌ನಂತೆ ನಿಧಾನವಾಗಿ ರಕ್ತ ಹರಿದಾಗ ಗೆಡ್ಡೆಯ ಕೋಶ ಕಂಬಕ್ಕೆ ತಗಲಿ ಅಲ್ಲೇ ಅಂಟುತ್ತದೆ. 116 ಮಾದರಿಗಳ ಪೈಕಿ 115ರಲ್ಲಿ ಕೋಶಗಳು ಸಿಕ್ಕವು. ಹರಡಲು ಹೊರಟ ಕೆಲವು ಕೋಶಗಳು ಎಪ್‌ಕ್ಯಾಮನ್ನು ಕಳಚಿಕೊಳ್ಳುತ್ತವೆ, ಅಂಥವು ಈ ಬಲೆಗೆ ಬೀಳುವುದಿಲ್ಲ. ಅತಿ ಅಪಾಯದ ಕೋಶವೇ ತಪ್ಪಿಸಿಕೊಳ್ಳಬಹುದೆಂಬುದು ಈ ವಿಧಾನದ ದೊಡ್ಡ ಕೊರತೆ.

ಸಿಕ್ಕದ್ದು ಗೆಡ್ಡೆಯ ಕೋಶವೇ ಹೌದೆಂದು ಖಚಿತಪಡಿಸಲು ಬಣ್ಣ ಹಾಕುತ್ತಾರೆ. ಕೋಶಕೇಂದ್ರ ನೀಲಿಯಾಗಿ ಹೊಳೆಯಬೇಕು, ಗೆಡ್ಡೆಯ ಕೋಶದ ಗುರುತಾದ ಸೈಟೊಕೆರಾಟಿನ್‌ನ ಬಣ್ಣ ಕಾಣಬೇಕು, ಬಿಳಿ ಕಣದ ಗುರುತಾದ ಸಿಡಿ45 ಕಾಣಬಾರದು.

ಚಿಪ್ ತಯಾರಿಸುವುದು ಅಚ್ಚು ಹೊಯ್ಯುವ ಕೆಲಸ. ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿಗೆ ಗಟ್ಟಿಯಾಗುವ ಲೇಪ ಹಚ್ಚಿ, ನಕ್ಷೆಯ ಮೂಲಕ ಅತಿನೇರಳೆ ಬೆಳಕು ಹಾಯಿಸಿ ಉಬ್ಬು ಅಚ್ಚು ಮಾಡುತ್ತಾರೆ. ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರನ್ನು ಅದರ ಮೇಲೆ ಸುರಿದು, ಗುಳ್ಳೆ ತೆಗೆದು, ಒಲೆಯಲ್ಲಿ ಬೇಯಿಸಿ ಸುಲಿದರೆ ತಳದಲ್ಲಿ ಕಾಲುವೆಗಳು ಮೂಡಿರುತ್ತವೆ. ಒಳಬಾಯಿ, ಹೊರಬಾಯಿಗೆ ತೂತು ಕೊರೆದು ಗಾಜಿನ ಪಟ್ಟಿಗೆ ಅಂಟಿಸುತ್ತಾರೆ. ಅಚ್ಚಿಗೆ ಧೂಳಿಲ್ಲದ ಕೋಣೆ ಬೇಕು. ಕಾಲುವೆಯೊಳಗೆ ಒಂದು ಧೂಳಿನ ಕಣ ಕುಳಿತರೂ ರಕ್ತ ಅಲ್ಲೇ ಕಟ್ಟಿಕೊಳ್ಳುತ್ತದೆ.

ಕರ್ನಾಟಕದಲ್ಲಿ ಅಂಥ ಕೋಣೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದೆ. ಅಲ್ಲಿನ ನ್ಯಾನೊ ವಿಜ್ಞಾನ ಮತ್ತು ಎಂಜಿನಿಯರಿಂಗ್ ಕೇಂದ್ರದಲ್ಲಿ ಪ್ರೊಸೆನ್‌ಜಿತ್ ಸೇನ್ ಅವರ ತಂಡ ಮೈಕ್ರೋಫ್ಲೂಯಿಡಿಕ್ ಸಾಧನಗಳ ಮೇಲೆ ಕೆಲಸ ಮಾಡುತ್ತಿದೆ. ಅದೇ ಸಂಸ್ಥೆಯ ಸಾಯಿ ಶಿವ ಗೋರ್ತಿ ಅವರ ಪ್ರಯೋಗಾಲಯ, ಕಾಲುವೆಯಲ್ಲಿ ಹರಿಯುತ್ತಿರುವ ಕೋಶಗಳ ಚಿತ್ರ ತೆಗೆಯುವ, ಹೊತ್ತೊಯ್ಯಬಹುದಾದ ಸೂಕ್ಷ್ಮದರ್ಶಕವನ್ನು ರೂಪಿಸಿತು. ಜಿಲ್ಲೆ, ತಾಲ್ಲೂಕುಗಳ ಮಟ್ಟಿಗೆ ಹೆಚ್ಚು ಬೆಲೆಯುಳ್ಳದ್ದು ಹೊತ್ತೊಯ್ಯಬಹುದಾದ ಈ ಗುಣವೇ.

ಹಾಸನದಿಂದ ಬೆಂಗಳೂರು ಸುಮಾರು 185 ಕಿಲೋಮೀಟರ್. ಜಿಲ್ಲೆಯೊಳಗೆ ಚನ್ನರಾಯಪಟ್ಟಣಕ್ಕೆ ಹೆದ್ದಾರಿಯೂ ಇದೆ, 2017ರಿಂದ ಶ್ರವಣಬೆಳಗೊಳದ ಮೇಲೆ ಬೆಂಗಳೂರಿಗೆ ನೇರ ರೈಲೂ ಇದೆ. ಹೊಳೆನರಸೀಪುರ ಇರುವುದು ಮೈಸೂರು ರೈಲುಮಾರ್ಗದಲ್ಲಿ. ಅರಕಲಗೂಡಿಗೆ ರೈಲೇ ಇಲ್ಲ; ಅಲ್ಲಿನ ರೋಗಿ ಹಾಸನಕ್ಕೆ ಬಸ್ಸಿನಲ್ಲಿ ಬಂದು ಮುಂದಿನ ದಾರಿ ನೋಡಬೇಕು. ರೋಗಿಯ ಬದಲು ರಕ್ತವನ್ನೇ ಕಳಿಸೋಣವೆಂದರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಾಮಾನ್ಯ ಇಡಿಟಿಎ ಕೊಳವೆಯಲ್ಲಿ ತೆಗೆದ ರಕ್ತದಲ್ಲಿ ಗೆಡ್ಡೆಯ ಕೋಶಗಳು ಕೆಲವೇ ಗಂಟೆಗಳಲ್ಲಿ ಹಾಳಾಗತೊಡಗುತ್ತವೆ. ಸೆಲ್‌ಸರ್ಚ್‌ಗೆಂದೇ ಇರುವ ಸಂರಕ್ಷಕ ಕೊಳವೆಯಲ್ಲಿ 96 ಗಂಟೆ ಇಡಬಹುದು, ಆದರೆ ಆ ಕೋಶಗಳು ಜೀವಂತ ಉಳಿದಿರುವುದಿಲ್ಲ. ಅವನ್ನು ಬೆಳೆಸಿ ಔಷಧ ಪರೀಕ್ಷಿಸಲಾಗದು. ಜೀವಂತ ಕೋಶ ಬೇಕಿದ್ದರೆ ರಕ್ತ ತೆಗೆದ ಊರಿಗೆ ಹತ್ತಿರದಲ್ಲೇ ಚಿಪ್ ಇರಬೇಕು. 2006ರಲ್ಲಿ ಆರಂಭವಾದ ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂಥ ಜಿಲ್ಲಾ ವೈದ್ಯಕೀಯ ಕಾಲೇಜುಗಳೇ ಅದಕ್ಕೆ ತಕ್ಕ ಜಾಗ.

ಇಂದಿನ ಮಟ್ಟಿಗೆ ಈ ಎಣಿಕೆ ನೆರವಾಗುವುದು ಮುಖ್ಯವಾಗಿ ರೋಗ ಹರಡಿದ ಮೇಲೆ, ಅದರ ಗತಿ ಅಂದಾಜಿಸಲು. ಆರಂಭದ ಹಂತದಲ್ಲಿ ಒಂದು ಕೋಶವೂ ಸಿಗದಿರಬಹುದು. ಅದರಿಂದ ಕ್ಯಾನ್ಸರ್ ಇಲ್ಲವೆಂದು ಹೇಳಲಾಗದು. ಗೆಡ್ಡೆಯ ತುಣುಕು ತೆಗೆದು ನೋಡುವ ಬಯಾಪ್ಸಿಯ ಜಾಗವನ್ನು ಈ ಪರೀಕ್ಷೆ ಇನ್ನೂ ತುಂಬಿಲ್ಲ. ಎದೆಯಲ್ಲಿ ಗಂಟು ಕಂಡವರು, ಬಾಯಿಯ ಹುಣ್ಣು ಮೂರು ವಾರವಾದರೂ ಮಾಯದವರು ರಕ್ತ ಪರೀಕ್ಷೆಗೆ ಕಾಯದೆ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿಕೊಳ್ಳಬೇಕು.